ಟೋಪಿಯವರ ಅಪಸ್ವರ

ಡಿಸೆಂಬರ್ ೨೬, ಬೆಳಿಗ್ಗೆ

ಪ್ರೀತಿಯ ಅಕ್ಕ,

ಇವತ್ತು ಹಾಲು ತರಲು ಇಳಿಯುವಾಗ, ನಮ್ಮ ಮೆಟ್ಟಿಲ ಪಕ್ಕದ ಗೋಡೆಯ ಸಡಿಲ ಮೊಳೆಗೆ ಬೂದುಬಣ್ಣದ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿರುವುದನ್ನು ಕಂಡೆ. ಮಂಜಿನ ಹನಿ ಕೂತು ಅದು ಮೆಲ್ಲಗೆ ತೂಗಾಡುತ್ತಿತ್ತು. ಬಿಡಿಸಿ ತೆಗೆಯಲು ಮನಸ್ಸಾಗಲಿಲ್ಲ. ಪಾತ್ರೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿನ ಮನೆಯಾಕೆ ‘ಯಾಕಮ್ಮಾ, ಕಾಲು ಉಳುಕಿತಾ?’ ಎಂದು ಕೇಳಿದ ಮೇಲೆಯೇ ಎಚ್ಚರ.

ಆ ಎಳೆ ಯಾರ ಟೋಪಿಯದ್ದು ಎಂದು ಹೇಳುವುದಕ್ಕೇ ಈ ಪತ್ರ. ಓದುತ್ತಾ ಓದುತ್ತಾ ನೀನು ಏನೇನೋ ಊಹಿಸಿಕೊಳ್ಳುತ್ತೀಯೆಂದು ಗೊತ್ತು. ಹಾಗೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಾನು ಚರ್ಚಿನ ಗಾಯನವೃಂದಕ್ಕೆ ಸೇರಿದ್ದು ನಿನಗೆ ತಿಳಿದೇ ಇದೆ. ದಿನವಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದಿ, ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಭಾನುವಾರಗಳು ಭಾನುವಾರದ ಜಾಗದಲ್ಲೇ ಕೂತಿವೆಯೇ ಎಂದು ನೋಡಿ ನೋಡಿ ಕಣ್ಣು ಮಂಜಾದ ಮೇಲೆ, ಸಂಜೆ ಆ ಹಳೆಯ ಸಭಾಂಗಣದಲ್ಲಿ ಕ್ರಿಸ್‌ಮಸ್ ಗೀತೆ ಹಾಡುವುದು ಹಿತವಾಗಿರುತ್ತದೆ. ಹಾಡುವುದು ಎಂದರೆ ನನ್ನ ಮಟ್ಟಿಗೆ ಉಳಿದವರ ದನಿಯೊಳಗೆ ಅಡಗಿ ಕೂರುವುದು. ಗಂಟಲೊಂದಿದ್ದರೆ ಸಾಕು, ನಮ್ಮ ಮೇಷ್ಟ್ರು ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಾಡನ್ನೂ ಲೆಕ್ಕದ ಹಾಗೆಯೇ ಬಿಡಿಸುತ್ತಾರೆ. ಅವರದ್ದೊಂದು ಪದ್ಧತಿಯಿದೆ. ಹೊಸಬರನ್ನು ಹಳಬರ ಪಕ್ಕ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸುತ್ತಾರೆ. ಹಳಬರು ಉಸಿರೆಳೆದಾಗ ಭುಜ ಏಳುತ್ತದೆ, ಆಗ ಹೊಸಬರೂ ಉಸಿರೆಳೆಯಬೇಕು; ಅದು ಇಳಿಯುವಾಗ ಹಾಡಬೇಕು. ‘ಕಿವಿ ಮೋಸ ಮಾಡುತ್ತೆ, ಭುಜ ಮೋಸ ಮಾಡಲ್ಲ’ ಎನ್ನುತ್ತಾರೆ.

ಡಿಸೆಂಬರ್ ಶುರುವಾಗುವಾಗ ಒಬ್ಬರು ಬಂದರು. ಬೂದು ಉಣ್ಣೆಯ ಟೋಪಿ ಹುಬ್ಬಿನವರೆಗೆ, ಅದರ ಕೆಳಗೆ ದಪ್ಪ ಕನ್ನಡಕ, ಅದರ ಕೆಳಗೆ ಗಡ್ಡ. ಮುಖವೆಂದು ಉಳಿದದ್ದು ಮೂಗು ಮಾತ್ರ. ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಬಂದಿದ್ದೇನೆ, ಸಂಜೆ ಹೊತ್ತು ಹೋಗುವುದಿಲ್ಲ ಎಂದರು. ಮೇಷ್ಟ್ರು ಹೆಸರನ್ನೂ ಕೇಳದೆ ‘ಟೋಪಿ, ಅಲ್ಲಿ ನಿಲ್ಲು’ ಎಂದು ನನ್ನ ಎಡಭುಜಕ್ಕೆ ತಾಗಿಸಿ ನಿಲ್ಲಿಸಿದರು. ಅಂದಿನಿಂದ ಅವರು ಎಲ್ಲರಿಗೂ ಟೋಪಿಯವರು. ಅಮ್ಮ ಇದನ್ನು ಕೇಳಿ, ‘ಅವನು ಟೋಪಿ ಹಾಕ್ಕೊಳ್ಳಲಿ ಬಿಡು, ನಿಂಗೆ ಹಾಕದಿದ್ರೆ ಸರಿ’ ಎಂದಳು.

ಅವರು ಹಾಡಿದ್ದನ್ನು ನೀನು ಕೇಳಬೇಕಿತ್ತು. ಮೊದಲ ಸಾಲಿಗೇ ಮೇಷ್ಟ್ರ ಕೈ ಪಿಯಾನೋದ ಮೇಲೆ ನಿಂತುಹೋಯಿತು. ‘ಏನಪ್ಪಾ, ಹಾಡ್ತಾ ಇದೀಯೋ, ಹಲ್ಲುನೋವು ಹೇಳ್ಕೋತಾ ಇದೀಯೋ?’ ಮರುದಿನ, ‘ಈ ಪಿಯಾನೋದ ಕಾಲೂ ನಿನಗಿಂತ ಶ್ರುತೀಲಿದೆ.’ ಬೈಗುಳ ಬಿದ್ದಾಗಲೆಲ್ಲ ಟೋಪಿಯವರು ತಲೆ ತಗ್ಗಿಸುತ್ತಿದ್ದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕಾಣುತ್ತಿತ್ತು, ಗಡ್ಡದೊಳಗೆ ಅವರು ನಗುತ್ತಿದ್ದರು. ಉಡುಗೊರೆ ಸಿಕ್ಕಿದವರ ಹಾಗೆ.

ನಮ್ಮ ಮುಂದಿನ ಸಾಲಿನಲ್ಲಿ ಹೊಲಿಗೆ ಅಂಗಡಿಯ ಅತ್ತೆ ನಿಲ್ಲುತ್ತಾರೆ. ಚಹಾದ ಬಿಡುವಿನಲ್ಲಿ ಅವರು ಫೋನಿನಲ್ಲಿ ತಮ್ಮ ಮೆಚ್ಚಿನ ಗಾಯಕನ ಹಾಡು ಹಾಕಿ ಟೋಪಿಯವರ ಕಿವಿಗೆ ಹಿಡಿದರು. ‘ಕೇಳಿಸ್ಕೊಳ್ಳಿ, ಹಾಡೋದು ಅಂದ್ರೆ ಹೀಗೆ.’ ಟೋಪಿಯವರು ಕೊನೆಯವರೆಗೂ ಗಂಭೀರವಾಗಿ ಕೇಳಿ, ‘ಚೆನ್ನಾಗಿದೆ. ಆದ್ರೆ ಈ ಮನುಷ್ಯನಿಗೆ ಸ್ವಲ್ಪ ಜಂಬ ಅನ್ಸುತ್ತೆ’ ಎಂದರು. ಅತ್ತೆ ಅವರ ಮುಂದಿದ್ದ ಕೇಕಿನ ತಟ್ಟೆಯನ್ನೇ ಎತ್ತಿಕೊಂಡು ಹೋದರು. ‘ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?’

ಅಕ್ಕ, ನನ್ನ ಕೆಲಸವೇ ತಪ್ಪು ಹುಡುಕುವುದು. ಗೊತ್ತಿಲ್ಲದೆ ಆದ ತಪ್ಪು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇರುತ್ತದೆ. ಟೋಪಿಯವರದ್ದು ಹಾಗಿರಲಿಲ್ಲ. ಯಾವ ಹಾಡಾದರೂ, ಯಾವ ಸಾಲಾದರೂ, ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗೆ. ಸದಾ ಅದೇ ಅಂತರ. ಗೆರೆಯ ಮೇಲೆ ನಡೆಯಬಲ್ಲವನು ಮಾತ್ರ ಗೆರೆಯ ಪಕ್ಕದಲ್ಲಿ ಅಷ್ಟು ನೇರವಾಗಿ ನಡೆದಾನು. ಇನ್ನು ಭುಜ. ನಾನು ಸಾಲಿಗೆರಡು ಸಲ ಉಸಿರಿಗೆ ತಡಕಾಡುತ್ತಿದ್ದರೆ, ಅವರ ಭುಜ ಒಮ್ಮೆ ಎದ್ದದ್ದು ಪದ್ಯ ಮುಗಿಯುವವರೆಗೂ ಇಳಿಯುತ್ತಲೇ ಇರುತ್ತಿತ್ತು, ಸಂಜೆಯ ಬೆಳಕು ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ.

ಒಂದು ದಿನ ಮನೆಗೆ ಬಂದು ಬಟ್ಟೆ ಇಡಲು ಕಪಾಟು ತೆರೆದೆ. ನಿಂತು ಓದುತ್ತಿದ್ದರೆ ಕೂತುಕೋ. ಮದುವೆಯಾಗಿ ಹೋಗುವಾಗ ಕಪಾಟಿನ ಬಾಗಿಲ ಒಳಬದಿಗೆ ನೀನು ಬಿಟ್ಟುಹೋದ ಚಿತ್ರವಿದೆಯಲ್ಲ, ಭಾವನಿಗೆ ಎಂದೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡದ್ದು? ಅದರ ಹಣೆಯನ್ನೂ ಗದ್ದವನ್ನೂ ಅಂಗೈಗಳಿಂದ ಮುಚ್ಚಿ ನೋಡಿದೆ. ಉಳಿದದ್ದು ಅದೇ ಮೂಗು. ಹೌದು ಅಕ್ಕ, ನಿನ್ನ ಗಾಯಕನೇ. ಹೊಲಿಗೆ ಅತ್ತೆಯ ಫೋನಿನಲ್ಲಿ ಹಾಡಿದ್ದೂ ಅವರೇ.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮರುದಿನ ಸಭಾಂಗಣದ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ, ಅವರು ಹೊರಟುಹೋಗುತ್ತಿದ್ದರು, ನನ್ನ ಎಡಭುಜದ ಪಕ್ಕ ಬರೀ ಗಾಳಿ ಉಳಿಯುತ್ತಿತ್ತು. ಹೀಗೆ ಬರೆದೆನೆಂದು ನಗಬೇಡ. ಚಳಿಗಾಲ, ಬೆಚ್ಚಗಿತ್ತು, ಅಷ್ಟೇ.

ಅಭ್ಯಾಸ ಮುಗಿದ ಮೇಲೆ ಇಬ್ಬರ ದಾರಿಯೂ ಒಂದೇ ಆಗಿತ್ತು. (ಚಿಕ್ಕಮ್ಮನ ಮನೆ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ ಎಂದು ಆಮೇಲೆ ತಿಳಿಯಿತು.) ಮಂಜಿನಲ್ಲಿ ಬೀದಿದೀಪಗಳು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿದ್ದವು. ಅಂಗಡಿಗಳ ಗಾಜಿನ ಹಿಂದೆ ಕಾಗದದ ನಕ್ಷತ್ರಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಅವರು ನಾನು ಓದಿದ ಪುಸ್ತಕಗಳ ಬಗ್ಗೆ ಕೇಳುತ್ತಿದ್ದರು. ನಿನಗೆ ಗೊತ್ತು, ನನ್ನ ಬಾಯಿಂದ ಮಾತು ತೆಗೆಯುವುದೂ ಗೋಡೆಯಿಂದ ಮೊಳೆ ಕೀಳುವುದೂ ಒಂದೇ. ಆದರೆ ಎದುರಿನವರ ಮುಖ ಟೋಪಿಯ ಕೆಳಗಿದ್ದರೆ ಮಾತು ಎಷ್ಟು ಸಲೀಸು. ಅವರೂ ಒಮ್ಮೆ ಅದನ್ನೇ ಅಂದರು, ‘ಮುಖ ಮನೇಲಿಟ್ಟು ಬಂದ್ರೆ ಹಗುರ.’ ಒಂದು ಸಂಜೆ ನಾನು ಕಾದಂಬರಿಯೊಂದರ ಕಥೆ ಹೇಳುತ್ತಾ ನಮ್ಮ ಮನೆಯನ್ನೇ ದಾಟಿಹೋಗಿದ್ದೆ. ಅವರು ಗಮನಿಸಿದ್ದರೂ ಹೇಳಲಿಲ್ಲ.

ಹಬ್ಬದ ಹಿಂದಿನ ದಿನದ ಅಭ್ಯಾಸದಲ್ಲಿ ಮೇಷ್ಟ್ರು ಕೈಚೆಲ್ಲಿದರು. ‘ನೋಡು ಟೋಪಿ, ನೀನು ಒಳ್ಳೆ ಮನುಷ್ಯ. ಆದ್ರೆ ನಾಳೆ ಬರಬೇಡ. ಒಂದು ಹನಿ ಹುಳಿ ಸಾಕು, ಕೊಡ ಹಾಲು ಕೆಡೋಕೆ.’ ಟೋಪಿಯವರ ಭುಜ ಇಳಿಯಿತು, ಉಸಿರಿನಿಂದಲ್ಲ. ಸರಿಯಾಗಿ ಹಾಡಿ ತೋರಿಸಿದರೆ ಗುಟ್ಟು ರಟ್ಟಾಗುತ್ತದೆ, ತೋರಿಸದಿದ್ದರೆ ಹೊರಗೆ. ಅವರು ಕೋಟಿನ ಗುಂಡಿ ಹಾಕತೊಡಗಿದರು.

ಆಗ ಯಾರೋ ‘ತಪ್ಪು ಅವರದಲ್ಲ ಮೇಷ್ಟ್ರೇ, ನಂದು’ ಎಂದರು. ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ ಅದು ನನ್ನ ದನಿಯೆಂದು ತಿಳಿಯಿತು. ನನ್ನ ಉಸಿರು ಮೋಟು, ದನಿ ಮೇಲೇಳುವುದೇ ಇಲ್ಲ, ಪದ್ಧತಿಯ ಪ್ರಕಾರ ಅವರು ನನ್ನ ಭುಜವನ್ನೇ ನಂಬಿದ್ದಾರೆ, ಅದಕ್ಕೇ ಸ್ವರದಿಂದ ಇಳಿಯುತ್ತಿದ್ದಾರೆ ಎಂದೆ. ಹಸಿ ಸುಳ್ಳು. ಆದರೆ ಮೇಷ್ಟ್ರಿಗೆ ಪದ್ಧತಿ ಸೋತಿತು ಎನ್ನುವುದಕ್ಕಿಂತ ನಾನು ಸೋತೆ ಎನ್ನುವುದೇ ಸಮಾಧಾನ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ಹಾಗಾದ್ರೆ ನಾಳೆ ನೀನು ಬಾಯ್ಬಿಟ್ಟು ಹಾಡು. ಕೊನೇ ಬೆಂಚಿಗೆ ಕೇಳಿಸ್ಬೇಕು. ಇಲ್ದಿದ್ರೆ ಇಬ್ರೂ ಹೊರಗೆ’ ಎಂದರು.

ನಿನ್ನೆ ಸಂಜೆ ಮೊದಲ ಗೀತೆ ಶುರುವಾದಾಗ ತಲೆಯೆತ್ತಿದೆ. ಮೇಣದಬತ್ತಿಗಳ ಆಚೆ ಮುಖಗಳೋ ಮುಖಗಳು. ಕಣ್ಣು ಮುಚ್ಚಿದೆ. ಪಕ್ಕದ ಭುಜ ನಿಧಾನವಾಗಿ ಎದ್ದಿತು, ನಾನೂ ಉಸಿರೆಳೆದೆ. ಅದು ಇಳಿಯತೊಡಗಿತು, ಬಾಯಿ ತೆರೆದೆ. ಹೊರಬಂದ ದನಿ ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಕೆಳಗೆ, ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ, ಇನ್ನೊಂದು ದನಿ. ಈಗ ಕೂದಲೆಳೆಯ ಅಂತರವೂ ಇರಲಿಲ್ಲ. ಎಷ್ಟು ಮೆಲ್ಲಗೆ ಹಾಡಿದರೆಂದರೆ ನನ್ನ ಹೊರತು ಯಾರಿಗೂ ಕೇಳಿಸಿರಲಾರದು. ಊರೂರುಗಳಲ್ಲಿ ಜನ ಕಾದು ಕೇಳುವ ದನಿ, ಅಕ್ಕ, ನಿನ್ನೆ ನನ್ನ ಎಡಗಿವಿಯೊಂದಕ್ಕೇ.

ಮುಗಿದ ಮೇಲೆ ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ, ‘ಪದ್ಧತಿ ಅಂದ್ರೆ ಇದು. ಕಾಗೆ ಕೈಲೂ ಹಾಡಿಸ್ತೀನಿ ನಾನು’ ಎಂದು ಹೇಳುತ್ತಾ ಓಡಾಡಿದರು. ಹೊಲಿಗೆ ಅತ್ತೆ ಮನಸ್ಸು ಕರಗಿ ಟೋಪಿಯವರಿಗೆ ದೊಡ್ಡ ಕೇಕಿನ ತುಂಡು ಕೊಟ್ಟು, ‘ಪರವಾಗಿಲ್ಲ, ಕಷ್ಟಪಟ್ರೆ ನಿಮಗೂ ಬರುತ್ತೆ’ ಎಂದು ಬೆನ್ನು ತಟ್ಟಿದರು.

ದಾರಿಯಲ್ಲಿ ಟೋಪಿಯವರು, ಯಾವಾಗ ಗೊತ್ತಾಯ್ತು ಎಂದು ಕೇಳಿದರು. ನಿಮ್ಮ ತಪ್ಪು ತುಂಬಾ ಸರಿಯಾಗಿತ್ತು ಎಂದೆ. ನಡುಬೀದಿಯಲ್ಲಿ ನಿಂತು ನಕ್ಕರು. ಆಮೇಲೆ ಹೇಳಿದರು: ‘ನನಗೆ ಚಪ್ಪಾಳೆ ಮೊದಲೇ ಬಂದ್ಬಿಡುತ್ತೆ, ಹಾಡು ಆಮೇಲೆ. ಚೆನ್ನಾಗಿ ಹಾಡಿದ್ನೋ ಇಲ್ವೋ ಗೊತ್ತೇ ಆಗಲ್ಲ. ಇಲ್ಲಿ ದಿನಾ ಬೈಸ್ಕೊಂಡು ಹೋಗಿ ಮಲಗ್ತಿದ್ದೆ, ಎಂಥಾ ನಿದ್ದೆ ಅಂತೀರಿ.’ ಚಿಕ್ಕಮ್ಮ ಈಗ ಎದ್ದು ಓಡಾಡುತ್ತಿದ್ದಾರಂತೆ. ಇನ್ನು ಟೋಪಿಯವರು ತಮ್ಮ ಊರಿಗೆ ಹಿಂದಿರುಗಬೇಕು.

ನಮ್ಮ ಮೆಟ್ಟಿಲ ಬುಡದಲ್ಲಿ ಟೋಪಿ ತೆಗೆದರು. ತೆಗೆಯುವ ಗಡಿಬಿಡಿಯಲ್ಲಿ ಅದು ಮೊಳೆಗೆ ಸಿಕ್ಕಿಕೊಂಡಿತು, ಬಿಡಿಸಲು ಇಬ್ಬರ ಕೈಗಳೂ ಬೇಕಾದವು. ಚಿತ್ರದಲ್ಲಿ ಕಾಣುವುದಕ್ಕಿಂತ ಕೂದಲು ಕಡಿಮೆಯಿದೆ, ನಿನಗೆ ಬೇಸರವಾದರೂ ಹೇಳುತ್ತಿದ್ದೇನೆ. ‘ನಾಳೆ ಸಂಜೆ ಹೀಗೇ ಬರ್ತೀನಿ, ಟೋಪಿ ಇಲ್ದೆ. ಪೇಟೆ ಬೀದೀಲಿ ಈ ತುದಿಯಿಂದ ಆ ತುದಿಗೆ ನಡೀಬೇಕು ಅಂತಿದೆ. ಜೊತೆಗೆ ಬರ್ತೀರಾ? ಜನ ನೋಡ್ತಾರೆ, ಫೋಟೋ ತೆಗೀತಾರೆ, ಕಥೆ ಕಟ್ತಾರೆ. ಆದ್ರೆ ಇನ್ಮುಂದೆ ನಿಮ್ಮ ಹತ್ರ ಮುಖ ಇಟ್ಕೊಂಡೇ ಮಾತಾಡ್ಬೇಕು ನಾನು. ಬೇಡ ಅನ್ಸಿದ್ರೆ ಕಿಟಕಿ ಮುಚ್ಚಿರಿ ಸಾಕು, ಏನೂ ಅಂದ್ಕೊಳ್ದೆ ಹೊರಟುಹೋಗ್ತೀನಿ.’

ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿಬಂದೆ. ಅವರು ಅಡಗಿದ್ದು ಒಂದು ತಿಂಗಳು, ಅದಕ್ಕೆ ಟೋಪಿ, ಕನ್ನಡಕ, ಗಡ್ಡ ಎಲ್ಲ ಬೇಕಾಯಿತು. ನಾನು ಏನೂ ಇಲ್ಲದೆಯೇ ಹುಟ್ಟಿದಾಗಿನಿಂದ ಅಡಗಿಕೊಂಡಿದ್ದೇನೆ: ತರಗತಿಯ ಕೊನೆಯ ಬೆಂಚು, ಪ್ರೆಸ್ಸಿನ ಮೂಲೆಯ ಮೇಜು, ವೃಂದದ ಹಿಂದಿನ ಸಾಲು. ನಾಲ್ಕು ಜನರ ಬಾಯಿಗೆ ಬೀಳುವುದೆಂದರೆ ನನಗೆಷ್ಟು ಭಯವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದವಳನ್ನು ಎಳೆದು ತರುತ್ತಿದ್ದವಳು ನೀನೇ.

ಇಷ್ಟೇ ವಿಷಯ. ಅಮ್ಮ ಆರಾಮಾಗಿದ್ದಾಳೆ, ಮಂಡಿನೋವು ಮಾತ್ರ ಚಳಿಗೆ ಸ್ವಲ್ಪ ಜಾಸ್ತಿ. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು ಕೊಡು. ಭಾವನಿಗೆ ನಮಸ್ಕಾರ, ಕಪಾಟಿನ ಸುದ್ದಿ ನನ್ನ ಬಾಯಿಂದ ಬರುವುದಿಲ್ಲ.

ನಿನ್ನ ಬಾಗಿಲ ಹಿಂದಿನ
ತಂಗಿ

ತಾ.ಕ.: ಬೆಳಗಿನಿಂದ ಕಿಟಕಿ ತೆರೆದೇ ಇದೆ. ಚಳಿ ಬರ್ತಿದೆ, ಮುಚ್ಚೇ ಎಂದು ಅಮ್ಮ ಆಗಲಿಂದ ಕೂಗುತ್ತಿದ್ದಾಳೆ. ಕೇಳಿಸದವಳ ಹಾಗೆ ಬರೆಯುತ್ತಾ ಕೂತಿದ್ದೇನೆ. ಈ ವಾರ ಪತ್ರಿಕೆಯಲ್ಲಿ ಅವರ ಪಕ್ಕ ನಡೆಯುತ್ತಿರುವ ಹುಡುಗಿಯ ಚಿತ್ರ ಬಂದರೆ, ಅವಳು ಕೈಯಿಂದ ಮುಖ ಮುಚ್ಚಿಕೊಳ್ಳದೆ ನೇರ ನೋಡುತ್ತಿದ್ದರೆ, ಗುರುತು ಸಿಗಲಿಲ್ಲವೆಂದು ಪುಟ ತಿರುಗಿಸಿಬಿಡಬೇಡ.