ಕಿಲುಬು ಬಿಟ್ಟ ಮೇಲೆ

ರೀ,

ನಿಮ್ಮ ಲೇಖನ ಅಚ್ಚಾಗಿ ಬಂದಿದೆ. ಅಂಚೆಯವನು ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಕೂಗಿದಾಗ, "ಒಳಗಿದ್ದಾರೆ, ಕೊಡಿ" ಅಂದುಬಿಟ್ಟೆ. ಬಾಯಿಗೆ ಇನ್ನೂ ಅಭ್ಯಾಸ ತಪ್ಪಿಲ್ಲ. ಲಕೋಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಬರೆದವರು ಈಗಿಲ್ಲ ಅನ್ನುವುದಕ್ಕೆ ನಿಮ್ಮ ಹೆಸರಿನ ಸುತ್ತ ಕಪ್ಪು ಗೆರೆ ಹಾಕಿದ್ದಾರೆ. ನೀವಿದ್ದಿದ್ದರೆ ಅದನ್ನೆಲ್ಲ ಬಿಟ್ಟು ಮೊದಲು ಅಚ್ಚಿನ ತಪ್ಪು ಹುಡುಕುತ್ತಿದ್ದಿರಿ. ನಿಮ್ಮ ಪರವಾಗಿ ನಾನೇ ಹುಡುಕಿದೆ. ಎರಡು ಸಿಕ್ಕವು.

ನಮ್ಮ ಮದುವೆಯ ಹೊತ್ತಿಗೆ ನೀವು ಸೈನ್ಯ ಬಿಟ್ಟು, ಮತ್ತೆ ಕಾಲೇಜಿಗೆ ಹೋಗಿ ಓದಿ, ಮ್ಯೂಸಿಯಮ್ಮಿನ ನಾಣ್ಯ ವಿಭಾಗ ಸೇರಿದ್ದಿರಿ. "ಯುದ್ಧ ಕಂಡವನು, ಆದರೂ ಮಾತು ಮೆದು" ಎಂದು ನನ್ನ ಚಿಕ್ಕಪ್ಪ ಹೇಳಿದ್ದರು. ಮಾತು ಮೆದು ಅಲ್ಲ, ಮಾತೇ ಇಲ್ಲ ಅಂತ ನನಗೆ ವಾರದಲ್ಲೇ ಗೊತ್ತಾಯಿತು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ನಿಮ್ಮ ಭೂತಗನ್ನಡಿ. "ನಮ್ಮನೆಯವರಿಗೆ ಹೆಂಡತಿ ಹುಟ್ಟಿದ ದಿನ ನೆನಪಿರಲ್ಲ, ಯಾವತ್ತೋ ಸತ್ತ ರಾಜ ಪಟ್ಟಕ್ಕೆ ಬಂದ ವರ್ಷ ಮಾತ್ರ ಬಾಯಿಪಾಠ" ಎಂದು ಬಟ್ಟೆ ಹೊಲಿಸಲು ಬಂದವರ ಮುಂದೆ ಆಡಿಕೊಳ್ಳುತ್ತಿದ್ದೆ. ನೀವು ಒಳಗಿಂದ ಕೇಳಿಸಿಕೊಂಡು ಕೆಮ್ಮುತ್ತಿದ್ದಿರಿ. ಅದೇ ನಿಮ್ಮ ನಗು.

ಒಂದು ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ನೀವು ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಪಾರ್ಕಿನಲ್ಲಿ ಹುಲ್ಲಿಗೆ ಇಳಿದು ಓಡಿದರೆ ನೀವು ಕಲ್ಲುಹಾಸಿನ ಅಂಚಿನಲ್ಲೇ ನಿಂತು ಬೆವರುತ್ತಿದ್ದಿರಿ. "ಅಪ್ಪಾ ಬಾ" ಎಂದು ಅವಳು ಕೈಬೀಸಿದರೂ ಹೋಗುತ್ತಿರಲಿಲ್ಲ. ಕೇಳಿದರೆ, "ಬೂಟು ಒದ್ದೆಯಾಗುತ್ತೆ" ಅಂತ ಹಾರಿಕೆಯ ಉತ್ತರ. ನಾನೂ ಕೆದಕಲು ಹೋಗಲಿಲ್ಲ.

ನಿವೃತ್ತಿಯ ವರ್ಷ ನಿಮ್ಮ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಟ್ಟಲು, ಆಮೇಲೆ ಪೆನ್ನು. ವೈದ್ಯರು ಇದು ಹೋಗುವ ಕಾಯಿಲೆಯಲ್ಲ ಅಂದ ದಿನ ನೀವು ಮನೆಗೆ ಬರದೆ ನೇರ ಮ್ಯೂಸಿಯಮ್ಮಿಗೆ ಹೋಗಿ, ಉಗ್ರಾಣದಿಂದ ಒಂದು ತಗಡಿನ ಪೆಟ್ಟಿಗೆ ತೆಗೆಸಿದಿರಿ. ನನ್ನನ್ನೂ ಕರೆಸಿಕೊಂಡಿರಿ. ಅದರೊಳಗೆ ಒಡೆದ ಗಡಿಗೆಯ ಚೂರುಗಳು, ನಡುವೆ ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಕಚ್ಚಿಕೊಂಡ ತಾಮ್ರದ ನಾಣ್ಯಗಳ ಉಂಡೆ. "ಸೂಜಿಗೆ ದಾರ ಪೋಣಿಸೋ ಕೈ ನಿಂದು. ನನ್ನ ಕೈಲಿ ಇನ್ನು ಆಗಲ್ಲ. ಇದೊಂದನ್ನ ಬಿಡಿಸಿಕೊಡ್ತೀಯಾ?" ಎಂದಿರಿ. ಅಷ್ಟು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆವತ್ತು ಮ್ಯೂಸಿಯಮ್ಮಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಿರಿ. ಹೂತಿಟ್ಟ ನೆಲಬಾಂಬುಗಳನ್ನು ಹುಡುಕಿ ತೆಗೆಯುವ ತುಕಡಿ ನಿಮ್ಮದು. ಹೊಟ್ಟೆಯ ಮೇಲೆ ಮಲಗಿ, ಸಣ್ಣ ಸಲಾಕೆಯಿಂದ ಮಣ್ಣನ್ನು ಚುಚ್ಚಿ ಚುಚ್ಚಿ ಮುಂದೆ ಸರಿಯುವ ಕೆಲಸ. ಜೊತೆಗೆ ನೀವೆಲ್ಲ ಉದ್ದಣ್ಣ ಅಂತ ಕರೆಯುತ್ತಿದ್ದ ಗೆಳೆಯ. ಒಂದು ಬಯಲಿನಲ್ಲಿ ನಿಮ್ಮ ಸಲಾಕೆಗೆ ಗಟ್ಟಿಯಾದದ್ದೇನೋ ತಾಗಿತು. ಉಸಿರು ಬಿಗಿಹಿಡಿದು ಮಣ್ಣು ಸರಿಸಿದರೆ ಬಾಂಬಲ್ಲ, ಗಡಿಗೆಯ ಬಾಯಿ. ಒಳಗೆ ನಾಣ್ಯ. ಬದುಕಿದೆ ಅನ್ನುವ ಖುಷಿಗೆ ನೀವು ಕೂಗಿದಿರಿ, "ಲೋ ಉದ್ದಣ್ಣ, ಬಾರೋ ಇಲ್ಲಿ, ನಿಧಿ ಸಿಕ್ತು ನೋಡು." ಅವರು ಗುರುತು ಹಾಕಿದ ದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡ ಬಂದರು.

ಅಷ್ಟು ಹೇಳಿ ನಿಲ್ಲಿಸಿದಿರಿ. ಮುಂದಿನದನ್ನು ನಾನು ಕೇಳಲಿಲ್ಲ. ಆ ಗಡಿಗೆ ಎಲ್ಲಿಗೆ ಹೋಯಿತೆಂದು ಹುಡುಕುತ್ತ ಬಂದೇ ನೀವು ಆ ಮ್ಯೂಸಿಯಮ್ ಸೇರಿದ್ದು. ಲಿಪಿ ಕಲಿತಿರಿ, ಪುಸ್ತಕ ಬರೆದಿರಿ, ದೊಡ್ಡವರೆಲ್ಲ ಅನುಮಾನ ಬಂದರೆ ನಿಮ್ಮನ್ನು ಕೇಳುವಂತಾಯಿತು. ಆದರೆ ಆ ಪೆಟ್ಟಿಗೆಯ ಮುಚ್ಚಳ ಮಾತ್ರ ತೆಗೆದಿರಲಿಲ್ಲ. ಕೈ ಕೈಕೊಟ್ಟ ಮೇಲೇ ಧೈರ್ಯ ಬಂದದ್ದು.

ಆ ಚಳಿಗಾಲವೆಲ್ಲ ನಾವಿಬ್ಬರೂ ಅಲ್ಲೇ ಕಳೆದೆವು. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸುವುದು, ಮೆತ್ತನೆಯ ಬ್ರಷ್ಷಿನಿಂದ ಸವರುವುದು, ಬಿದಿರಿನ ಕಡ್ಡಿಯಿಂದ ಅಂಚು ಎಬ್ಬಿಸುವುದು. ನೀವು ನನ್ನ ಹೆಗಲ ಹಿಂದೆ ನಿಂತು, "ಅವಸರ ಮಾಡಬೇಡ, ಅದಾಗೇ ಬಿಡುತ್ತೆ" ಅನ್ನುತ್ತಿದ್ದಿರಿ. "ನಾನು ರವಿಕೆಯ ಹೊಲಿಗೆ ಬಿಚ್ಚಿದಷ್ಟು ನೀವು ನಾಣ್ಯ ಮುಟ್ಟಿಲ್ಲ, ಸುಮ್ಮನಿರಿ" ಎಂದು ನಾನು ಗದರುತ್ತಿದ್ದೆ. ನಿಜ ಹೇಳಲಾ? ಅಷ್ಟು ಹತ್ತಿರ ನಾವು ಯಾವತ್ತೂ ಇರಲಿಲ್ಲ.

ಒಂದೊಂದಾಗಿ ಬಿಟ್ಟುಕೊಂಡವು. ಒಂದು ಬದಿ ಕುದುರೆ, ಇನ್ನೊಂದು ಬದಿ ಮರ. ಎಲ್ಲ ಮ್ಯೂಸಿಯಮ್ಮುಗಳ ಖಾನೆಗಳಲ್ಲೂ ರಾಶಿ ಬಿದ್ದಿರುವ, ಸಂತೆಯಲ್ಲಿ ಸೊಪ್ಪು ಕೊಳ್ಳುವುದಕ್ಕೆ ಆಗಿನವರು ಬಳಸುತ್ತಿದ್ದ ಚಿಲ್ಲರೆ. ಪ್ರತಿಯೊಂದನ್ನೂ ನೀವು ನಡುಗುವ ಕೈಯಲ್ಲಿ ಹಿಡಿದು ನೋಡಿ ಮೆಲ್ಲಗೆ ಕೆಳಗಿಡುವಾಗ ನಿಮ್ಮ ಮುಖ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ಒಂದೇ ಒಂದು ನಾಣ್ಯ ಬೇರೆ ಥರ ಕಂಡಿತು. ಸವೆದುಹೋದ ಅಕ್ಷರಗಳು. ಒಂದು ರೀತಿ ಓದಿದರೆ ಯಾರೂ ಕೇಳಿರದ ರಾಜನೊಬ್ಬನ ಹೆಸರು. ವಿಭಾಗದ ಹೊಸ ಮುಖ್ಯಸ್ಥರು ಕುಣಿದಾಡುವುದೊಂದು ಬಾಕಿ. "ಸರ್, ಹೀಗೂ ಓದಬಹುದು. ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಬರೆದುಬಿಡಿ. ನೀವು ಹೇಳಿದ್ರೆ ಯಾರೂ ಎದುರಾಡಲ್ಲ" ಎಂದರು. ನೀವು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನನಗಂತೂ ಆಸೆಯಾಗಿತ್ತು ರೀ. ಬರೆದುಬಿಡಲಿ, ಈ ಮನುಷ್ಯನಿಗೆ ಒಂದಿಷ್ಟು ನೆಮ್ಮದಿ ಸಿಗಲಿ ಅಂತ. ಹೇಳಿಯೂ ಹೇಳಿದೆ.

"ಹೊಸ ರಾಜ ಸಿಕ್ಕಿದ್ರೆ ಉದ್ದಣ್ಣ ಹೋಗಿದ್ದಕ್ಕೂ ಒಂದು ಅರ್ಥ ಸಿಗ್ತಿತ್ತು ಕಣೇ. ಆದ್ರೆ ಅಲ್ಲಿರೋದು ಹಳೇ ಹೆಸರೇ, ಸವೆದಿದೆ ಅಷ್ಟೆ. ಅವನ ಸಾವಿನ ಮೇಲೆ ಒಂದು ಸುಳ್ಳು ಕಟ್ಟಿ ನಿಲ್ಲಿಸ್ಲಾ?" ಎಂದಿರಿ. ನಾನು ಹಾಳೆ, ಪೆನ್ನು ತಂದು ಕೂತೆ. ನೀವು ಲೇಖನ ಹೇಳುತ್ತ ಹೋದಿರಿ, ನಾನು ಬರೆದುಕೊಂಡೆ. ಸಾಮಾನ್ಯ ನಾಣ್ಯಗಳು, ಹೊಸತೇನೂ ಇಲ್ಲ.

ಆಮೇಲೆ ನೀವು ಉದ್ದಣ್ಣನ ಹೆಂಡತಿಯನ್ನು ಹುಡುಕಿಸಿದಿರಿ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿ ನಿವೃತ್ತರಾದವರು, ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ನನ್ನ ತೋಳು ಹಿಡಿದು ನೀವು ಮೆಟ್ಟಿಲು ಹತ್ತಿದಿರಿ. "ನಾನೇ ಅವನನ್ನ ಕರೆದದ್ದು" ಎಂದು ನೀವು ಎಲ್ಲ ಹೇಳಿ ಮುಗಿಸಿದಿರಿ. ಬೈಯುತ್ತಾರೆ, ಬಾಗಿಲು ತೋರಿಸುತ್ತಾರೆ ಅಂದುಕೊಂಡಿದ್ದೆವು. ಅವರು ಸೆರಗಿನ ತುದಿಯನ್ನು ಮಡಿಚುತ್ತ ಬಿಚ್ಚುತ್ತ ಕೂತಿದ್ದು, ಒಂದೇ ಮಾತು ಕೇಳಿದರು.

"ನಗ್ತಾ ಬಂದ್ರಾ?"

"ನಗ್ತಾನೇ ಬಂದ ತಾಯಿ."

ಅವರು ತಲೆಯಾಡಿಸಿದರು. ಕರ್ತವ್ಯದ ಮೇಲೆ ತೀರಿಕೊಂಡರು ಅನ್ನುವುದಷ್ಟೇ ಅವರಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು. ಚಹಾ ಕೊಟ್ಟರು. ಹೊರಡುವಾಗ ನಿಮಗೆ ಹೇಳಿದರು, "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇನ್ನು ಬರಬೇಡಿ ಅಣ್ಣ. ಅವರ ಜೊತೆಯವರು ಯಾರಾದ್ರೂ ಬಂದ್ರೆ, ಹಿಂದೆ ಅವರೂ ಇದ್ದಾರೇನೋ ಅಂತ ನನ್ನ ಕಣ್ಣು ಇವತ್ತಿಗೂ ನೋಡುತ್ತೆ."

ಆ ವರ್ಷ ಮುಗಿಯುವ ಮುಂಚೆ ನೀವು ಹೋದಿರಿ. ನಿದ್ದೆಯಲ್ಲೇ ಹೋದರು, ಪುಣ್ಯವಂತರು ಅಂತ ಬಂದವರೆಲ್ಲ ಹೇಳಿದರು. ನಿಮ್ಮ ನಿದ್ದೆ ಎಂಥದ್ದಾಗಿತ್ತೆಂದು ಪಕ್ಕದಲ್ಲಿ ಮಲಗಿದ ನನಗಲ್ಲವೇ ಗೊತ್ತು. ಮಗಳು ತನ್ನ ಜೊತೆ ಬಂದಿರು ಅಂತ ಒಂದೇ ಸಮನೆ ಕರೆಯುತ್ತಿದ್ದಾಳೆ. ನೋಡೋಣ ಅಂದಿದ್ದೇನೆ.

ಲೇಖನ ಬಂದ ಮಾರನೇ ದಿನ ಅದರ ಒಂದು ಪ್ರತಿ ತೆಗೆದುಕೊಂಡು ನಾನು ಆ ಮೂರನೇ ಮಹಡಿ ಹತ್ತಿದೆ. ಬರಬೇಡಿ ಅಂದಿದ್ದರು, ಗೊತ್ತು. ಗಡಿಗೆ ಸಿಕ್ಕಿದ್ದು ನಿಮ್ಮಿಬ್ಬರಿಗೂ ಅಂತ ನೀವು ಉದ್ದಣ್ಣನ ಹೆಸರನ್ನು ನಿಮ್ಮ ಹೆಸರಿಗಿಂತ ಮೊದಲು ಬರೆಸಿದ್ದಿರಲ್ಲ, ಅಷ್ಟನ್ನು ತೋರಿಸಿ ವಾಪಸಾಗೋಣ ಅಂತ ಹೋದೆ.

ಅವರು ಬಾಗಿಲು ತೆಗೆದು ನನ್ನನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲಿಂದ ಮೆಟ್ಟಿಲ ಕಡೆ ನೋಡಿದರು. ಈ ಸಲ ಅವರು ಹುಡುಕಿದ್ದು ನಿಮ್ಮನ್ನು.

"ಒಬ್ಬರೇ ಬಂದ್ರಾ?" ಅಂದರು.

ನಾನು ತಲೆಯಾಡಿಸಿದೆ. ಲೇಖನ ಕೈಯಲ್ಲೇ ಉಳಿಯಿತು. ಅವರು ನನ್ನ ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋಗಿ, ತಮ್ಮ ಮಂಚದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ನೀವು ಹೋದಮೇಲೆ ನಾನು ದನಿ ತೆಗೆದು ಅತ್ತದ್ದು ಅಲ್ಲೇ, ಅವರ ಎದುರು. ನಾನು ಹೊಲಿಯುವವಳೆಂದು ಕೇಳಿ ತಿಳಿದುಕೊಂಡು, ಹೊರಡುವಾಗ ಅವರು, "ಗುರುವಾರ ಬನ್ನಿ, ನನ್ನವೂ ಒಂದೆರಡು ಬಟ್ಟೆ ಹೊಲಿಗೆ ಬಿಟ್ಟಿವೆ" ಅಂದರು.

ಗುರುವಾರ ಹೋಗುತ್ತೇನೆ. ಸೂಜಿ ದಾರ ಚೀಲಕ್ಕೆ ಹಾಕಿಟ್ಟಿದ್ದೇನೆ.

ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ಉತ್ತರ ಬರೆಯಿರಿ ಅನ್ನುವ ಹಾಗೂ ಇಲ್ಲ. ನೀವಿರುವಲ್ಲಿ ಹುಲ್ಲಿದ್ದರೆ ಅದು ಬರೀ ಹುಲ್ಲಾಗಿರಲಿ.

ಎಂದೂ ನಿಮ್ಮವಳು