ಚೀಲ ಎತ್ತಿದ ಹಲ್ಲು

ಜೂನ್ 9, ಸೋಮವಾರ, ಬೆಳಿಗ್ಗೆ 7

ಟ್ರೇ ಬಾಯಲ್ಲಿದೆ. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು. ಒಳಗೆ ಫ್ಲೋರೈಡ್ ಜೆಲ್. ಐದು ನಿಮಿಷ ಮಾತಾಡುವಂತಿಲ್ಲ, ನುಂಗುವಂತಿಲ್ಲ. ಈ ಜಗದೇವಪ್ಪ ಐದು ನಿಮಿಷ ಸುಮ್ಮನೆ ಕುಂತದ್ದನ್ನು ನಮ್ಮೂರು ಕೊಳಕೂರು ಎಂದೂ ಕಂಡಿಲ್ಲ. ಅದಕ್ಕೇ ಬರೆಯುವುದು. ಓದಿದ್ದು ಏಳನೇ ಇಯತ್ತೆ, ಅಕ್ಷರ ಮಾತ್ರ ತಹಶೀಲ್ದಾರನಿಗೂ ಇಲ್ಲ ಇಂಥವು.

ಗಂಟಲಿನ ಗಡ್ಡೆಗೆ ಕಲಬುರಗಿಯಲ್ಲಿ ಕರೆಂಟ್ ಕೊಟ್ಟರು, ಡಾಕ್ಟರರು ರೇಡಿಯೇಶನ್ ಅನ್ನುತ್ತಾರಲ್ಲ, ಅದು. ಗಡ್ಡೆ ಹೋಯಿತು. ಉಗುಳೂ ಹೋಯಿತು. ಬಾಯಿ ಅಂದರೆ ಈಗ ಬೇಸಗೆಯ ಹಳ್ಳ.

ಅಣ್ಣನ ಮಗಳು ಬಸವೇಶ್ವರಿ, ನಮ್ಮ ಬಸೂ, ಗಡಿಯಾರ ಹಿಡಿದು ಎದುರು ಕುಂತಿದ್ದಾಳೆ. ಶಾಲೆಯಲ್ಲಿ ಕಲಿಸುವವಳು, ಮನೆಯಲ್ಲೂ ಬಿಡುವುದಿಲ್ಲ.

"ಉಗುಳಿನಾಗ ಸುಣ್ಣದಂಥಾ ಖನಿಜ ಇರ್ತದ ಕಾಕಾ. ತಿಂದಾಗೆಲ್ಲ ಹಲ್ಲಿನ ಮ್ಯಾಲಿನ ಪದರ ಸವೀತದ, ಉಗುಳು ಅದನ್ನ ಮತ್ತ ತುಂಬ್ತದ. ನಿನಗ ಉಗುಳೇ ಇಲ್ಲ. ಇದ್ದಷ್ಟರಾಗ ತುಂಬ್ಲಿ, ಗಟ್ಟಿ ಆಗ್ಲಿ ಅಂತ ಈ ಜೆಲ್."

ಅಂದರೆ ಗೋಡೆಗೆ ಸುಣ್ಣ ಹೊಡೆಯುವ ಕೆಲಸ. ಆಯಿತು ಬಿಡು. ಆದರೆ ಆಮೇಲೆ ಅರ್ಧ ತಾಸು ನೀರೂ ಇಲ್ಲವಂತೆ…

ಜೂನ್ 12, ಗುರುವಾರ

ಜೇವರ್ಗಿಗೆ ಹೋಗಿಬಂದೆ. ಹಲ್ಲಿನ ಡಾಕ್ಟರ್ ನಸ್ರೀನ. ಸಣ್ಣ ವಯಸ್ಸು, ಕೈ ಹಗುರ. ಒಸಡಿನ ಬುಡದಲ್ಲಿ ಹುಳುಕು ಹಿಡಿದಿದೆಯಂತೆ.

"ಸಿಲ್ವರ್ ಔಷಧ ಹಚ್ಚತೇನ್ರಿ. ಹುಳುಕು ಅಲ್ಲಿಗೇ ನಿಲ್ತದ. ಆದರ…"

'ಆದರ' ಆದಮೇಲಿನದು ಕಿವಿಗೆ ಬೀಳಲಿಲ್ಲ. ಬೆಳ್ಳಿ ಅಂದಳಲ್ಲ! ಜೋಳದ ಚೀಲಕ್ಕೆ ಹಗ್ಗ ಕಟ್ಟಿ, ಹಲ್ಲಿನಿಂದ ಕಚ್ಚಿ ಎತ್ತಿ ಬೆಳ್ಳಿ ಕಡಗ ಗೆದ್ದವ ನಾನು. ಕೈಯಲ್ಲಿ ಬೆಳ್ಳಿ, ಇನ್ನು ಬಾಯಲ್ಲೂ ಬೆಳ್ಳಿ. ಬರುವಾಗ ಬಸ್ಸಿನ ಕಂಡಕ್ಟರನಿಗೂ ಹೇಳಿದೆ.

ಜೂನ್ 14, ಶನಿವಾರ

ಕರಿ. ಸಿಲ್ವರ್ ಹಚ್ಚಿದ ಹುಳುಕೆಲ್ಲ ರೊಟ್ಟಿ ಹಂಚಿನ ತಳ.

ಹೋಟೆಲ್ ಮುಂದೆ ಖಾಜಾ ಸಿಕ್ಕ. ಚಡ್ಡಿ ಹಾಕುವಾಗಿನ ಗೆಳೆಯ. ಚೀಲಕ್ಕೆ ಹಗ್ಗ ಬಿಗಿಯುತ್ತಿದ್ದವ ಅವನೇ.

"ಬೆಳ್ಳಿ ತೋರಿಸಲೇ ಜಗ್ಯಾ, ಕಣ್ಣು ತಂಪಾಗ್ಲಿ."

ತೋರಿಸಿದೆ.

"ಯಾ ಅಲ್ಲಾ! ಇದ್ದಲಿ ಅಂಗಡಿ ಇಟ್ಟೀಯಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಟವೆಲ್ ಅಡ್ಡ ಹಿಡಿದು.

ಮನೆಯಲ್ಲಿ ಬಸೂ ಹೇಳಿದಳು, "ಕರೀ ಆಗಿದ್ದೇ ಚಲೋ ಕಾಕಾ. ಅಲ್ಲಿ ಹುಳುಕು ನಿಂತದ. ನಿನ್ನ ಹಲ್ಲು ಕೀಳಾಕ ಬರಂಗಿಲ್ಲ. ಕರೆಂಟ್ ಬಿದ್ದ ದವಡಿ, ಗಾಯ ಮಾಯೂದು ಕಷ್ಟ. ಒಂದು ಕಿತ್ತರ ಎಲುಬೇ ಕೊಳೀಬಹುದು."

ಹೇಳುವಾಗ ನನ್ನ ಮುಖ ನೋಡಲಿಲ್ಲ.

ಜುಲೈ 3, ಗುರುವಾರ

ಖಾಜಾ ಆಳಂದದ ದರ್ಗಾಕ್ಕೆ ಹೋಗಿದ್ದ. ನನ್ನ ಸಲುವಾಗಿ ಮನ್ನತ್, ಹರಕೆ. ಹಸಿರು ದಾರ ಕಟ್ಟಿದ ಪೊಟ್ಟಣ ಕೊಟ್ಟ. ಕಲ್ಲುಸಕ್ಕರೆ.

"ಒಂದು ಹರಳು ಗಲ್ಲದಾಗ ಇಟ್ಕೊ, ನೀರು ಬರ್ತದ. ಬಸೂ ಅಕ್ಕೋರಿಗೆ ಹೇಳಬ್ಯಾಡಲೇ, ಇಬ್ಬರಿಗೂ ಬಡಿಗಿ ಬೀಳ್ತದ."

ಇಟ್ಟೆ. ಬಂತು! ಒಂದು ತೊಟ್ಟು, ಆದರೂ ಬಂತು. ಖಾಜಾನ ಕಣ್ಣಲ್ಲೂ ಬಂತು. ನೋಡದವನಂತೆ ಇದ್ದೆ.

ಆಗಸ್ಟ್ 20, ಬುಧವಾರ

ಡಾಕ್ಟರ್ ಸಲಾಕೆಯಿಂದ ಒತ್ತಿ ನೋಡಿದಳು. "ಮುಂದಿನವು ಗಟ್ಟಿ ನಿಂತಾವ್ರಿ. ಹಿಂದಿನದೊಂದು ಮೆತ್ತಗಾಗ್ಯಾದ. ಸಿಹಿ ಏನರ ಬಾಯಾಗ ಇಟ್ಕೊತೀರೇನ್ರಿ?"

"ಛೇ! ಚಾಕ್ಕೂ ಸಕ್ಕರಿ ಬಿಟ್ಟೇನ್ರಿ."

ಚಹಾದ ಮಾತು ನಿಜ. ಉಳಿದದ್ದು ಪ್ರಸಾದ. ಪ್ರಸಾದಕ್ಕೆ ಯಾರಾದರೂ ಸಿಹಿ ಅನ್ನುತ್ತಾರೆಯೇ?

ಮತ್ತೆ ಸಿಲ್ವರ್ ಹಚ್ಚಿದಳು. ಹಿಂದಿನದು — ಅದೇ, ಚೀಲದ ಹಗ್ಗ ಕಚ್ಚುತ್ತಿದ್ದ ಹಲ್ಲು. ಅದಕ್ಕೇನಾಗುತ್ತದೆ?

ಅಕ್ಟೋಬರ್ 7, ಮಂಗಳವಾರ

ಮುರಿಯಿತು. ಮೊಸರನ್ನ ತಿನ್ನುವಾಗ. ಜೋಳದ ಚೀಲಕ್ಕೆ ಅಲುಗದ ಹಲ್ಲು, ಮೊಸರನ್ನಕ್ಕೆ.

ಬುಡ ಒಳಗೇ ಉಳಿದಿದೆ. ದವಡೆ ಬಾತಿದೆ. ಡಾಕ್ಟರ್ ನಸ್ರೀನ ಕೈ ಹಚ್ಚಲಿಲ್ಲ. ಕಲಬುರಗಿಗೆ ಹೋಗಿ ಅಂದಳು. ಎಲುಬಿಗೂ ತಗುಲಿರಬಹುದಂತೆ.

ಸಂಜೆ ಬಸೂ ಒಗೆಯಲು ಅಂಗಿ ತೆಗೆದಳು. ಜೇಬಿನಲ್ಲಿ ಪೊಟ್ಟಣ.

"ಯಾರು ಕೊಟ್ಟರು ಇದನ್ನ?"

"ನಾನೇ ತಂದೇನಿ."

"ಉಗುಳಿಲ್ಲದ ಬಾಯಾಗ ದಿನವಿಡೀ ಸಕ್ಕರಿ… ಜೆಲ್ ಕಟ್ಟಿದ್ದನ್ನೆಲ್ಲ ಇದು ಕರಗಿಸಿ ಬಿಟ್ಟದ ಕಾಕಾ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಸಿರು ದಾರವನ್ನು ಬಹಳ ಹೊತ್ತು ನೋಡಿದಳು. ಪೊಟ್ಟಣ ಎಸೆಯಲೂ ಇಲ್ಲ, ಗೋಡೆಯ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು.

ಅಕ್ಟೋಬರ್ 8, ಬುಧವಾರ, ಬೆಳಿಗ್ಗೆ 7

ಟ್ರೇ ಬಾಯಲ್ಲಿದೆ. ಉಳಿದವನ್ನಾದರೂ ಉಳಿಸಬೇಕು ಅನ್ನುತ್ತಾಳೆ. ಬಾತ ಕಡೆ ಒತ್ತುತ್ತದೆ. ಕಲಬುರಗಿ ಬಸ್ಸಿಗೆ ಚೀಲ ತುಂಬಿಟ್ಟಿದ್ದಾಳೆ.

ಅಂಗಳದಲ್ಲಿ ಖಾಜಾ.

"ಜಗ್ಯಾ! ಗಲ್ಲ ಯಾಕಲೇ ಬಾತದ? ತಗೋ, ಹೊಸಾದು ತಂದೇನಿ. ನಿನ್ನಿ ಮತ್ತ ಆಳಂದಕ್ಕ ಹೋಗಿದ್ದೆ."

ಬಸೂ ಗಡಿಯಾರ ಬಿಟ್ಟು ಅವನ ಕೈ ನೋಡುತ್ತಿದ್ದಾಳೆ. ಹಸಿರು ದಾರ. ತುಟಿ ಅಲುಗಿತು ಅವಳದು. ನಾನು ತಲೆಯಾಡಿಸಿದೆ — ಬೇಡ ಅವ್ವಾ, ಹೇಳಬೇಡ. ಮುಖ ತಿರುಗಿಸಿದಳು.

"ಮಾತಾಡಲೇ, ಬೆಳ್ಳಿ ಬಾಯಿ! ಸಿಟ್ಟೇನು ನನ್ನ ಮ್ಯಾಲ?"

ಟ್ರೇ ತೋರಿಸಿದೆ. ನಕ್ಕು, ಕಟ್ಟೆಯ ಮೇಲೆ ಕುಂತ. ಕಾಯುತ್ತಾನಂತೆ. ಪೊಟ್ಟಣ ಬಿಚ್ಚಿ ದೊಡ್ಡ ಹರಳು ಆರಿಸುತ್ತಿದ್ದಾನೆ.

ಇನ್ನೂ ಮೂರು ನಿಮಿಷ ಇದೆ. ಆಮೇಲೆ ಬಾಯಿ ತೆಗೆಯಲೇಬೇಕು. ತೆಗೆದು ಇವನಿಗೆ ಏನಂತ ಹೇಳಲಿ…