ನಂಬರ್ ಒನ್ ಆಲ್ಬಮ್ಮಿಗೆ ಎದುರು ವಾದ

ಜನವರಿ 12, ಭಾನುವಾರ, ಸಂಜೆ

ಲಾಸ್ಯಾಳನ್ನು ಕ್ಯುಪರ್ಟಿನೋದಲ್ಲಿ ಅವಳಮ್ಮನ ಮನೆಗೆ ಬಿಟ್ಟು ಬಂದದ್ದಾಯಿತು. ಬರುವಾಗ 880 ಹೈವೇಯಲ್ಲಿ ಆ್ಯಕ್ಸಿಡೆಂಟು. ಯೂನಿಯನ್ ಸಿಟಿ ತಲುಪುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಅಪಾರ್ಟ್‌ಮೆಂಟಿನಲ್ಲಿ ಅವಳು ಹಾಲು ಕುಡಿದ ಲೋಟ ಸಿಂಕಿನಲ್ಲಿ ಹಾಗೇ ಇದೆ. ತೊಳೆಯಲು ಬೇಸರ.

ಈ ಸಲ ನಂಬರ್ ಮೂರು. ಜಗತ್ತಿನ ಅತಿ ಶ್ರೇಷ್ಠ ಹಿಪ್ ಹಾಪ್ ಆಲ್ಬಂ ಹತ್ತು — ಮಗಳ ಪಟ್ಟಿ. ಹತ್ತನೆಯದರಿಂದ ಶುರು ಮಾಡಿದ್ದಾಳೆ, ಬಂದ ಸಲಕ್ಕೆ ಒಂದು. ನಾನು ಅಷ್ಟರೊಳಗೆ ಕೇಳಿರಬೇಕು. ಆಮೇಲೆ ಕಾರಿನಲ್ಲಿ ವಾದ. ಅವಳು ಪರ, ನಾನು ವಿರೋಧ. ಅವಳು ಇದು ಪೊಯೆಟ್ರಿ ಎನ್ನುತ್ತಾಳೆ. ನಾನು ಇದು ತಾಳ ಹಾಕಿ ಬೈಯುವುದು ಎನ್ನುತ್ತೇನೆ.

ಇವತ್ತು ಕೇಳಿದೆ: "ಪ್ರತಿ ಹಾಡಲ್ಲೂ ನಾನೇ ದೊಡ್ಡವನು, ನಾನೇ ದೊಡ್ಡವನು. ತನ್ನನ್ನು ತಾನೇ ಹೊಗಳಿಕೊಳ್ಳೋದು ಸಾಹಿತ್ಯವಾ?"

"ಬ್ರ್ಯಾಗಿಂಗ್ ಈಸ್ ದ ಫಾರ್ಮ್, ಅಪ್ಪಾ. ಏನ್ ಬ್ರ್ಯಾಗ್ ಮಾಡ್ತಾನೆ ಅಲ್ಲ, ಹೇಗೆ ಮಾಡ್ತಾನೆ ಅಂತ ನೋಡು."

ಸರಿಯಾಗಿಯೇ ಹೇಳಿದಳು. ನಮ್ಮ ಯಕ್ಷಗಾನದಲ್ಲಿ ಖಳನಾಯಕ ರಂಗಕ್ಕೆ ಬಂದವನೇ ಮಾಡುವುದೇನು? ಅರ್ಧ ಗಂಟೆ ತನ್ನ ಪರಾಕ್ರಮದ ವರ್ಣನೆ. ಅಂಥ ಪಾತ್ರದಲ್ಲಿ ನಾನೇ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ. ಆ ಪಾಯಿಂಟನ್ನು ಅವಳು ಎತ್ತಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪಾಪ, ಗೊತ್ತಿಲ್ಲ. ನಾನೂ ಹೇಳಿಕೊಡಲಿಲ್ಲ.

ಜನವರಿ 15, ಬುಧವಾರ, ಮಧ್ಯಾಹ್ನ

ಮಿಲ್ಪಿಟಾಸಿನ ಲ್ಯಾಬು. ಟೆಸ್ಟರ್ ಯಂತ್ರ ಮತ್ತೆ ಡೌನು. ಪಾರ್ಟು ಬರುವವರೆಗೆ ಕಾಯುವುದೇ ಕೆಲಸ. ಮ್ಯಾನೇಜರು ಎರಡು ಸಲ ರೀಆರ್ಗ್ ಎಂದ, ಯಾರದ್ದೋ ಕೆಲಸ ಹೋಗುತ್ತದೆ ಎಂದರ್ಥ. ಕೇಳಿಸದವನಂತೆ ಕುಳಿತೆ. ಈ ವಯಸ್ಸಿನಲ್ಲಿ ಹೆದರಿಕೊಳ್ಳಲೂ ಆಯಾಸ.

ಹೆಡ್‌ಫೋನಿನಲ್ಲಿ ನಂಬರ್ ಎರಡು. ಅಬ್ಬಾ, ಏನು ಉಸಿರು ಈ ಮನುಷ್ಯನಿಗೆ. ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಅಲ್ಲ, ಹೊಟ್ಟೆಯಲ್ಲೂ ಇದೆ. ಪೆಟ್ಟು ಬೀಳಬೇಕಾದ ಕಡೆ ಬೇಕೆಂದೇ ತಪ್ಪಿಸಿ, ಮುಂದಿನ ಸಾಲಿನಲ್ಲಿ ಹಿಡಿಯುತ್ತಾನೆ. ಮದ್ದಳೆಯವರು ಕೇಳಿದರೆ ತಲೆದೂಗುತ್ತಾರೆ. ಮೂರನೇ ಹಾಡನ್ನು ನಾಲ್ಕು ಸಲ ಕೇಳಿದೆ.

ಇಲ್ಲಿ ಬರೆಯಲು ಏನು ನಾಚಿಕೆ — ನನಗೆ ಇದು ಇಷ್ಟ. ನಂಬರ್ ಆರು, ಆ ಹಸಿರು ಕವರಿನದು, ಅಲ್ಲಿಂದಲೇ ಇಷ್ಟ. ಅವಳಿಗೆ ಹೇಳುವುದಿಲ್ಲ. ಹೌದು ಮಗಳೇ, ನೀನು ಹೇಳಿದ್ದೇ ಸರಿ ಎಂದುಬಿಟ್ಟರೆ ಕಾರಿನಲ್ಲಿ ಇನ್ನೇನು ಮಾತು? ಸ್ಕೂಲು ಹೇಗಿದೆ — ಫೈನ್. ಅಮ್ಮ ಹೇಗಿದ್ದಾಳೆ — ಫೈನ್. ಪಟ್ಟಿ ಶುರುವಾಗುವ ಮೊದಲು ಅಷ್ಟೇ ಇತ್ತು. ವರ್ಷಗಟ್ಟಲೆ ಅಷ್ಟೇ.

ಮಾರ್ಚ್ ಮೂರಕ್ಕೆ ಅವಳಿಗೆ ಹದಿನೆಂಟು. ವಾರ ಬಿಟ್ಟು ವಾರ ಶುಕ್ರವಾರದಿಂದ ಭಾನುವಾರ ಅಪ್ಪನ ಹತ್ತಿರ ಎಂದು ಕೋರ್ಟಿನಲ್ಲಿ ಆದದ್ದು ಅಲ್ಲಿಗೆ ಮುಗಿಯಿತು. ಆಮೇಲೆ ಬಂದರೆ ಅವಳಾಗಿ ಬರಬೇಕು.

ಜನವರಿ 26, ಭಾನುವಾರ

ಒಳ್ಳೆಯ ವಾರಾಂತ್ಯ. ಮಿಲ್ಪಿಟಾಸಿನಲ್ಲಿ ದೋಸೆ ತಿಂದೆವು. ನಂಬರ್ ಎರಡರ ಮೇಲೆ ಅಲ್ಲಿಯೇ ಜಗಳ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನಾನು, "ಬೈಗುಳ ತೆಗೆದರೆ ಇವನ ಹತ್ತಿರ ಉಳಿಯೋದೇನು, ಹೇಳು" ಅಂದೆ. ಅವಳು ಫೋನು ತೆಗೆದು ಬೈಗುಳವೇ ಇಲ್ಲದ ಒಂದು ಇಡೀ ಹಾಡು ಓದಿದಳು. ಓದುವಾಗ ಕೈ ಬೆರಳಲ್ಲಿ ತಾಳ. ನನ್ನ ಅಪ್ಪ ಹಾಗೆಯೇ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಂದು ಕ್ಷಣ ಸೋತೇಬಿಟ್ಟೆ ಎನ್ನಿಸಿತು.

"ಉಚ್ಚಾರ ಚೆನ್ನಾಗಿದೆ. ನಿಂದು. ಅವನದ್ದಲ್ಲ" ಅಂದೆ.

"ಯು ಆರ್ ಇಂಪಾಸಿಬಲ್." ನಕ್ಕಳು. ಚಟ್ನಿ ಚೆಲ್ಲುವಷ್ಟು ನಕ್ಕಳು.

ಉಳಿದಿರುವುದು ನಂಬರ್ ಒಂದು. ಅದೂ ಮುಗಿದರೆ? ಅದನ್ನು ಹೇಗಾದರೂ ಉರುಳಿಸಬೇಕು. ಉರುಳಿದರೆ ಪಟ್ಟಿ ಮತ್ತೆ ಮೊದಲಿನಿಂದ. ಅವಳು ಹಠದವಳು, ಬಿಡುವುದಿಲ್ಲ. ಕಾಲೇಜಿಗೆ ಹೋಗುವವರೆಗಾದರೂ ಸಾಗೀತು.

ಫೆಬ್ರವರಿ 1, ಶನಿವಾರ, ಸಂಜೆ

ಜಗನ್ನಾಥಣ್ಣನ ಗ್ಯಾರೇಜಿನಲ್ಲಿ ತಾಳಮದ್ದಳೆ. ಉಡುಪಿ, ಕುಂದಾಪುರ ಕಡೆಯ ನಾವು ಏಳೆಂಟು ಜನ, ಕಾರ್ಪೆಟ್ಟಿನ ಮೇಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡಿದ ಪದಕ್ಕೆ ಕುಳಿತಲ್ಲೇ ಅರ್ಥ ಹೇಳುವುದು, ಎದುರಿನವನ ಜೊತೆ ವಾದಕ್ಕಿಳಿಯುವುದು. ಬಾಯಿಪಾಠ ಇಲ್ಲ. ಕೊಟ್ಟ ಪಾತ್ರ ಯಾವುದೋ ಅದರ ಪಕ್ಷ. ಇವತ್ತು ಅವರು ಸಂಧಾನಕ್ಕೆ ಬಂದ ರಾಯಭಾರಿ. ನಾನು ಒಪ್ಪದ ಅರಸ.

ಎಪ್ಪತ್ತು ದಾಟಿದರೂ ಅವರ ನಾಲಿಗೆ ಹರಿತ. ನನ್ನ ವಂಶವನ್ನೇ ಜಾಲಾಡಿದರು. ನಾನೂ ಬಿಡಲಿಲ್ಲ, ಅವರ ನರೆಯನ್ನೂ ವಾದಕ್ಕೆ ಎಳೆದೆ. ಮಂಗಳ ಹಾಡಿದ ಮೇಲೆ ಅವರೇ ಕಾಫಿ ತಂದು ಕೊಟ್ಟರು.

"ಸಕ್ಕರೆ ಸಾಕಾ ಮಾರಾಯ? ನರೆಯ ಮಾತು ಲಾಯ್ಕಾಯ್ತು."

"ನೀವೇ ಕಲಿಸಿದ್ದು ಜಗನ್ನಾಥಣ್ಣ."

"ಮಗಳನ್ನು ಒಂದು ಸಲ ಕರ್ಕೊಂಡು ಬಾ. ಇಷ್ಟು ವರ್ಷ ಆಯ್ತು, ಒಮ್ಮೆ ಸಹ ತೋರಿಸಲಿಲ್ಲ ನೀನು."

"ಅವಳಿಗೆ ಬೋರ್ ಆಗ್ತದೆ."

"ಕೇಳಿ ನೋಡಿದ್ದೀಯಾ?"

ಕೇಳಿಲ್ಲ. ಕಾಫಿ ಕುಡಿದು ಹೊರಟೆ.

ಫೆಬ್ರವರಿ 4, ಮಂಗಳವಾರ

ನಂಬರ್ ಒಂದು ಕೇಳಿದೆ. ಆಫೀಸಿನಿಂದ ಬರುವಾಗ, ಕಾರಿನಲ್ಲಿ.

ಹೆಂಗಸಿನ ದನಿ. ಓಕ್ಲ್ಯಾಂಡ್ ಕಡೆಯವಳಂತೆ. ಗಂಟೆಯುದ್ದಕ್ಕೂ ಒಂದೇ ಕಥೆ — ಎರಡು ಮನೆಗಳ ನಡುವೆ ಓಡಾಡುವ ಹುಡುಗಿ. ಎರಡು ಕಡೆಯೂ ಒಂದೊಂದು ಟೂತ್‌ಬ್ರಷ್ಷು. ಯಾವ ಮನೆಯಲ್ಲಿದ್ದರೂ ಬೇಕಾದ ಪುಸ್ತಕ ಇನ್ನೊಂದು ಮನೆಯಲ್ಲಿ. ಅಪ್ಪನ ಕಾರು ಹೋಗುವವರೆಗೆ ಕಿಟಕಿಯಲ್ಲಿ ನಿಂತು ನೋಡುವುದು, ಅಪ್ಪ ತಿರುಗಿ ನೋಡದಿರುವುದು. ಅಲ್ಲಿ ಪ್ರಾಸವೇ ಬಿಟ್ಟುಬಿಡುತ್ತಾಳೆ. ಬರೀ ಮಾತು, ಹಿಂದೆ ಡ್ರಮ್ಮು.

ಎಕ್ಸಿಟ್ ತೆಗೆದುಕೊಂಡು ಯಾವುದೋ ಗ್ರೋಸರಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಅತ್ತೆನೆಂದು ಬರೆಯುವುದಕ್ಕೇನು. ಅತ್ತೆ. ಕೆಲಸದ ಬ್ಯಾಡ್ಜು ಕೊರಳಲ್ಲೇ ಇತ್ತು.

ಇದು ಕಾವ್ಯವಲ್ಲದಿದ್ದರೆ ಇನ್ನು ಯಾವುದು ಕಾವ್ಯವೋ ನನಗೆ ತಿಳಿಯದು. ಇದಕ್ಕೆ ಎದುರು ಹೇಳುವುದು ಕಷ್ಟ. ಹೇಳಲೇಬೇಕು. ಮನೆಗೆ ಬಂದು ಪಾಯಿಂಟುಗಳನ್ನು ಯೋಚಿಸಿದೆ. ಒಂದು ಸಿಕ್ಕಿತು, ಗಟ್ಟಿಯಾದದ್ದು.

ಫೆಬ್ರವರಿ 9, ಭಾನುವಾರ

ವಾಪಸು ಬಿಡಲು ಹೋಗುವಾಗ ವಾದ. ಅವಳೇ ತೆಗೆದಳು. "ಸೋ? ನಂಬರ್ ಒನ್?" ದನಿಯಲ್ಲಿ ತುಸು ಹೆದರಿಕೆ ಇತ್ತು. ಈಗ ಗೊತ್ತಾಗುತ್ತಿದೆ. ಆಗ ವಾದದ ಬಿಸಿ.

"ಗೋಳು ಬೇರೆ, ಕಾವ್ಯ ಬೇರೆ" ಅಂದೆ. "ಇವಳಿಗೆ ಆಗಿದ್ದು ಊರಲ್ಲಿ ಅರ್ಧ ಮಕ್ಕಳಿಗೆ ಆಗ್ತದೆ. ಅವರೆಲ್ಲ ಸುಮ್ಮನೆ ಹೋಂವರ್ಕ್ ಮಾಡ್ಕೊಂಡು ಇಲ್ವಾ? ಇವಳು ಮೈಕು ಹಿಡಿದು ಒಂದು ಗಂಟೆ ಅಳ್ತಾಳೆ. ಅದು ಟ್ಯಾಲೆಂಟ್ ಅಲ್ಲ, ಅಭ್ಯಾಸ."

ಚೆನ್ನಾಗಿ ಬಂತು. ಗ್ಯಾರೇಜಿನಲ್ಲಾಗಿದ್ದರೆ ಭೇಷ್ ಎನ್ನುತ್ತಿದ್ದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಹೇಳು, ಉತ್ತರ ಕೊಡು."

"ಯು ವಿನ್."

"ಹಾಗೆ ಬಿಟ್ಟುಕೊಡೋದಾ? ನಂಬರ್ ಒನ್ ಅಲ್ವಾ?"

"ಅಪ್ಪಾ, ಪ್ಲೀಸ್. ಯು ವಿನ್."

ಹೆಡ್‌ಫೋನು ಹಾಕಿಕೊಂಡಳು. ಇಳಿಯುವಾಗ ಬಾಗಿಲು ಮೆಲ್ಲಗೆ ಮುಚ್ಚಿದಳು. ಸಿಟ್ಟಿದ್ದರೆ ಬಡಿಯುತ್ತಿದ್ದಳು. ಅದೇ ನನಗೆ ಸರಿ ಕಾಣಲಿಲ್ಲ.

ಫೆಬ್ರವರಿ 20, ಗುರುವಾರ

ಮೆಸೇಜು: ಸೋಮವಾರ ಫಿಸಿಕ್ಸ್ ಟೆಸ್ಟು, ಈ ವಾರ ಬರುವುದಿಲ್ಲ, ಸಾರಿ. ಓಕೆ ಎಂದು ಹಾಕಿದೆ. ಒಂದು ಥಂಬ್ಸ್ ಅಪ್ ಕೂಡ. ಯಾಕೆ ಹಾಕಿದೆನೋ.

ಮಾರ್ಚ್ 3, ಸೋಮವಾರ

ಹದಿನೆಂಟು. ಬೆಳಿಗ್ಗೆ ಫೋನು ಮಾಡಿದೆ. ಹಿಂದೆ ಗೆಳತಿಯರ ಗದ್ದಲ. "ಥ್ಯಾಂಕ್ಸ್ ಅಪ್ಪಾ. ಕ್ಲಾಸ್ ಇದೆ, ಆಮೇಲೆ ಮಾಡ್ತೀನಿ." ಮಾಡಲಿಲ್ಲ.

ಲ್ಯಾಬಿನಲ್ಲಿ ನಾಲ್ಕು ಮೇಜು ಖಾಲಿಯಾಗಿವೆ. ನನ್ನದು ಉಳಿದಿದೆ. ಖುಷಿಪಡಬೇಕಿತ್ತು.

ಮಾರ್ಚ್ 7, ಶುಕ್ರವಾರ

ಹೋಗಬೇಕಾಗಿರಲಿಲ್ಲ. ಆದರೂ ಆಫೀಸಿನಿಂದ ಹೊರಟವನು ಕ್ಯುಪರ್ಟಿನೋ ಕಡೆಯ 237 ಹಿಡಿದುಬಿಟ್ಟಿದ್ದೆ. ಅರ್ಧ ದಾರಿಯಲ್ಲಿ ನೆನಪಾಗಿ ತಿರುಗಿಸಿದೆ.

ಮಾರ್ಚ್ 16, ಭಾನುವಾರ

ಸೌದಾಮಿನಿಯ ಫೋನು. ವಿಚ್ಛೇದನದ ನಂತರ ಅವಳಾಗಿ ಮಾಡುವುದು ಅಪರೂಪ. ದನಿಯಲ್ಲಿ ಜಗಳ ಇರಲಿಲ್ಲ, ದಣಿವಿತ್ತು.

"ಏನು ಹೇಳಿದ್ರಿ ಅವಳಿಗೆ? ಒಂದು ತಿಂಗಳಿಂದ ಮಾತಿಲ್ಲ. ನಿನ್ನೆ ಬಾಯಿಬಿಟ್ಟಳು. ಅಪ್ಪಂಗೆ ನನ್ನ ಕಷ್ಟ ಎಲ್ಲಾ ಬರೀ ಗೋಳಾಟ ಅಂತೆ, ಅಂದ್ಲು."

"ಅವಳ ಬಗ್ಗೆ ಅಲ್ಲ, ಆಲ್ಬಂ ಬಗ್ಗೆ ಹೇಳಿದ್ದು. ಅದೂ ಸುಮ್ಮನೆ ವಾದಕ್ಕೆ. ನಿನಗೆ ಗೊತ್ತಲ್ಲ ನನ್ನ ಸ್ವಭಾವ."

"ಗೊತ್ತು. ಮನಸ್ಸು ಮುರಿಯೋ ಹಾಗೆ ಮಾತಾಡ್ತೀರಿ, ಆಮೇಲೆ ಬಾ ಕಾಫಿ ಕುಡಿಯೋಣ ಅಂತೀರಿ. ನಿಮ್ಮ ಊರಿನವರಿಗೆ ಆ ಕಾಫಿ ಇಳಿಯುತ್ತೆ. ನಮಗೆ ಇಳಿಯಲ್ಲ. ನಂಗೆ ಹದಿನಾರು ವರ್ಷ ಇಳೀಲಿಲ್ಲ."

ಫೋನಿಟ್ಟಳು.

ಮಾರ್ಚ್ 18, ಮಂಗಳವಾರ

ಲಾಸ್ಯಾಳಿಗೆ ಫೋನು ಮಾಡಿ ಹೇಳಿಬಿಟ್ಟೆ. ಎಲ್ಲಾ. ತಾಳಮದ್ದಳೆ ಎಂದರೇನು, ಕೊಟ್ಟ ಪಕ್ಷ ಹಿಡಿಯುವುದೆಂದರೇನು, ಹಸಿರು ಕವರಿನಿಂದಲೇ ನಾನು ಸೋತಿದ್ದು, ನಂಬರ್ ಒಂದು ಕೇಳಿ ಪಾರ್ಕಿಂಗಿನಲ್ಲಿ ಅತ್ತದ್ದು. ವಾದ ಮುಗಿದರೆ ನೀನು ಬರುವುದಿಲ್ಲ ಎಂಬ ಭಯ ಇತ್ತು ಎಂದೂ ಹೇಳಿದೆ. ಹಗುರಾಗುತ್ತದೆ ಅಂದುಕೊಂಡಿದ್ದೆ.



"ಸೋ ನೀನು ಅತ್ತೆ. ಆಮೇಲೆ ಬಂದು ನನ್ನ ಮುಖಕ್ಕೆ ಹಾಗಂದೆ."

"ಅದು ನಿಜ ಅಲ್ಲ ಮಗಾ —"

"ದಟ್ಸ್ ವರ್ಸ್, ಅಪ್ಪಾ. ನೀನು ನಿಜವಾಗ್ಲೂ ಹಾಗೇ ಥಿಂಕ್ ಮಾಡ್ತೀಯ ಅಂದಿದ್ರೆ, ಐ ಕುಡ್ ಫೈಟ್ ಯು."

ಕಟ್ ಆಯಿತು. ಸುಳ್ಳು ಹೇಳಿ ಕೆಟ್ಟೆ, ನಿಜ ಹೇಳಿ ಇನ್ನೂ ಕೆಟ್ಟೆ.

ಮಾರ್ಚ್ 29, ಶನಿವಾರ, ಮಧ್ಯಾಹ್ನ

ಬಂದಿದ್ದಾಳೆ. ಅಮ್ಮನ ಕಾರು ತಾನೇ ಓಡಿಸಿಕೊಂಡು. ಮೊದಲೇ ಹೇಳಿರಲಿಲ್ಲ. ಬಾಗಿಲು ತೆಗೆದಾಗ ನನ್ನ ಕೈಯಲ್ಲಿ ಪೊರಕೆ.

ಊಟ ಮಾಡುತ್ತೀಯಾ ಎಂದರೆ ಬೇಡ ಎಂದಳು. ಸೋಫಾದ ತುದಿಯಲ್ಲಿ ಕುಳಿತಳು, ಜಾಕೆಟ್ಟು ತೆಗೆಯದೆ. ಹೊಸ ಪಟ್ಟಿಯೇನಾದರೂ ಇದೆಯಾ ಎಂದು ಕೇಳಿದೆ, ನಗಿಸಲು. ನಗಲಿಲ್ಲ.

"ಒಂದು ಕೇಳ್ಬೇಕಿತ್ತು. ಫೋನಲ್ಲಿ ಬೇಡ ಅನ್ನಿಸ್ತು."

"ಕೇಳು."

"ಅಮ್ಮ ನನ್ನ ಕ್ಯುಪರ್ಟಿನೋಗೆ ಕರ್ಕೊಂಡು ಹೋಗ್ತೀನಿ ಅಂದಾಗ. ಐ ವಾಸ್ ಟೆನ್. ನೀವಿಬ್ರೂ ಕಿಚನಲ್ಲಿ ಇದ್ರಿ. ನಾನು ಸ್ಟೇರ್ಸ್ ಮೇಲೆ ಕೂತಿದ್ದೆ. ಅಲ್ಲಿ ಸ್ಕೂಲ್ ಚೆನ್ನಾಗಿದೆ, ಅವಳು ಹೋಗ್ಲಿ, ನಂಗೇನೂ ಪ್ರಾಬ್ಲಂ ಇಲ್ಲ — ನೀನು ಹಾಗಂದೆ. ತುಂಬಾ ಕಾಮ್ ಆಗಿ ಅಂದೆ. ಅವತ್ತಿಂದ ನಾನು ಅದನ್ನೇ ನಂಬಿದೀನಿ." ಜಾಕೆಟ್ಟಿನ ಜಿಪ್ಪು ಮೇಲೆ ಕೆಳಗೆ ಎಳೆಯುತ್ತಿದ್ದಳು. "ವಿಚ್ ಸೈಡ್ ವಾಸ್ ದಟ್, ಅಪ್ಪಾ?"

ಬಾಯಿ ತೆರೆದೆ. ಮಾತುಗಳು ಆಗಲೇ ಸಾಲಾಗಿ ನಿಂತಿದ್ದವು. ಚೆನ್ನಾಗಿದ್ದವು ಕೂಡ. ಅವಳು ಕೈ ಎತ್ತಿ ತಡೆದಳು.

"ಪ್ರಿಪೇರ್ ಮಾಡ್ಬೇಡ. ನೀನು ಪ್ರಿಪೇರ್ ಮಾಡೋದು ನಂಗೆ ಗೊತ್ತಾಗುತ್ತೆ, ಗಂಟಲು ಸರಿ ಮಾಡ್ಕೋತೀಯ. ನಾನು ಹೊರಗಿರ್ತೀನಿ."

ಬಾಲ್ಕನಿಗೆ ಹೋದಳು. ನಾನು ಮುಖ ತೊಳೆಯುವ ನೆಪದಲ್ಲಿ ರೂಮಿಗೆ ಬಂದವನು ಈ ಡೈರಿ ತೆರೆದು ಕುಳಿತಿದ್ದೇನೆ. ಎಂಥ ಮನುಷ್ಯ ನಾನು.

ಅವತ್ತು ಕಿಚನಿನಲ್ಲಿ ಯಾರಾದರೂ ಒಬ್ಬರು ಇಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಮಗು ಹೋಗಲಿ ಎಂದು ನಾನು ಹೇಳಿದರೆ ಸೌದಾಮಿನಿ ಎದುರು ಹೇಳುತ್ತಾಳೆ, ವಾದ ಬೆಳೆಯುತ್ತದೆ, ಬೆಳೆದ ವಾದದಲ್ಲಿ ಹೇಗೂ ಮಗು ಇಲ್ಲೇ — ಆದರೆ ಅವಳಮ್ಮ ಸರಿ ಎಂದುಬಿಟ್ಟಳು. ಯಾರೂ ಎದುರು ಹೇಳಲಿಲ್ಲ. ನನ್ನ ಮಾತೇ ತೀರ್ಮಾನವಾಯಿತು. ಆಮೇಲೆ ಹಿಂದೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ನೋಡು, ಇದನ್ನೂ ವಾಕ್ಯ ಮಾಡುತ್ತಿದ್ದೇನೆ. ಇಲ್ಲಿ ಬರೆದು, ತಿದ್ದಿ, ಹೊರಗೆ ಹೋಗಿ ಹೇಳಿದರೆ ಅವಳಿಗೆ ಗೊತ್ತಾಗುತ್ತದೆ.

ಬಾಲ್ಕನಿಯ ಬಾಗಿಲು ಸರಿದ ಸದ್ದು. ಒಳಗೆ ಬಂದಳು. ಕಾರಿನ ಕೀ ಅವಳ ಕೈಯಲ್ಲೇ ಇದೆ, ಸದ್ದಾಗುತ್ತಿದೆ. ಅಪ್ಪಾ, ಎಂದಳು. ಬಂದೆ. ಹೋಗಬೇಡ ಅಂತ ಅವತ್ತೇ ನಾನು —